ಗ್ಯಾಸ್ ಪೈಪ್‌ಲೈನ್ ಕೆಲಸ ಹಿಡಿಯುತ್ತಿದ್ದೀರಾ? ಗ್ಯಾಪ್ ಬಿಟ್ಟು ಮುಂದೆ ಹೋಗಬೇಡಿ

ಪುಣೆಯ ಭೋಸರಿಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಇಂಡಿ, ಸಿಂದಗಿ, ಆಳಂದ ಕಡೆಯ ಹುಡುಗರು ತಿಂಗಳಿಗೊಬ್ಬರಾದರೂ ಬಂದು ಕೂತು ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಇಪ್ಪತ್ತು ಕಿಲೋಮೀಟರ್ ಗ್ಯಾಸ್ ಲೈನ್ ಸಬ್ ಕಾಂಟ್ರ್ಯಾಕ್ಟ್ ಕೊಡ್ತೀವಿ ಅನ್ನಾಕತ್ತಾರ. ಹಿಡೀಲೇನ್ರಿ?" ಅವರೆಲ್ಲ ಕೆಲಸ ಗೊತ್ತಿರುವವರೇ. ಕುಡಿಯುವ ನೀರಿನ ಪೈಪ್ ಹಾಕಿದ್ದಾರೆ, ಒಳಚರಂಡಿ ಮಾಡಿದ್ದಾರೆ, ಸ್ವಂತ ಪೋಕ್ಲೇನ್ ಇಟ್ಟಿದ್ದಾರೆ. ಆದರೆ ಎಣ್ಣೆ, ಗ್ಯಾಸ್ ಲೈನ್ ಬೇರೆಯದೇ ಕೆಲಸ. ನೀರಿನ ಪೈಪ್ ಸೋರಿದರೆ ರಸ್ತೆ ಒದ್ದೆಯಾಗುತ್ತದೆ, ಅಷ್ಟೇ. 2014ರ ಜೂನ್‌ನಲ್ಲಿ ಆಂಧ್ರದ ನಗರಂ ಎಂಬ ಊರಲ್ಲಿ ತುಕ್ಕು ತಿಂದ ಗ್ಯಾಸ್ ಪೈಪ್ ಸೋರಿ, ಬೆಳಗಿನ ಜಾವ ಬೆಂಕಿ ಹತ್ತಿ, ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ನಾವು ಮಣ್ಣಲ್ಲಿ ಮುಚ್ಚುವ ಒಂದೊಂದು ಜಾಯಿಂಟೂ ಯಾರದೋ ಮನೆ ಪಕ್ಕದಲ್ಲಿ ಮೂವತ್ತು-ನಲವತ್ತು ವರ್ಷ ಇರುತ್ತದೆ. ಈ ಮಾತು ತಲೆಯಲ್ಲಿಟ್ಟುಕೊಂಡು ಮುಂದಿನದು ಓದಿ.

ನಮ್ಮ ಈ ಭಾಗದಲ್ಲಿ ಕೆಲಸಕ್ಕೆ ಕೊರತೆ ಇಲ್ಲ. 1974ರಲ್ಲಿ ಮುಂಬೈ ಆಚೆಯ ಸಮುದ್ರದ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ ಮೇಲೆ ಉರಣ್, ಟ್ರಾಂಬೆ ಸುತ್ತಮುತ್ತ ಪೈಪ್‌ಗಳ ಬಲೆಯೇ ಬೆಳೆಯಿತು. ಮುಂಬೈನಿಂದ ಪುಣೆ ಹತ್ತಿರದ ಲೋಣಿಗೆ, ಅಲ್ಲಿಂದ ಸೊಲ್ಲಾಪುರದ ಪಾಕಣಿಗೆ ಪೆಟ್ರೋಲ್, ಡೀಸೆಲ್ ಪೈಪಿನಲ್ಲೇ ಹೋಗುತ್ತದೆ. ದಾಭೋಳದಿಂದ ಬೆಂಗಳೂರಿಗೆ ಸುಮಾರು 1000 ಕಿಲೋಮೀಟರ್ ಗ್ಯಾಸ್ ಲೈನ್ 2013ರಲ್ಲಿ ಶುರುವಾಯಿತು, ಅದರದೊಂದು ಕವಲು ಗೋವಾಕ್ಕೆ ಇಳಿಯುತ್ತದೆ. ಇಂಥ ಲೈನ್‌ಗಳಲ್ಲಿ ವೆಲ್ಡರ್, ಫಿಟರ್, ಪೈಪ್ ಎತ್ತಿ ಇಳಿಸುವ ಸೈಡ್‌ಬೂಮ್ ಮಶೀನಿನ ಆಪರೇಟರ್ ಆಗಿ ನಮ್ಮ ಕನ್ನಡದ ಮಂದಿ ಬೇಕಾದಷ್ಟು ಇದ್ದಾರೆ. ಕಾಂಟ್ರ್ಯಾಕ್ಟರ್ ಆದವರು ಕಡಿಮೆ. ಆದವರಲ್ಲಿ ಮೊದಲ ಕೆಲಸದಲ್ಲೇ ಕೈ ಸುಟ್ಟುಕೊಂಡು ಊರಿಗೆ ವಾಪಸ್ ಹೋದವರು ಜಾಸ್ತಿ, ಮತ್ತು ಅವರಲ್ಲಿ ಹೆಚ್ಚಿನವರು ಸೋತದ್ದು ವೆಲ್ಡಿಂಗ್‌ನಲ್ಲಲ್ಲ, ಗ್ಯಾಪ್‌ನಲ್ಲಿ.

ಗ್ಯಾಪ್ ಅಂದರೆ ಏನು ಹೇಳುತ್ತೇನೆ. ಲೈನ್ ಹೋಗುತ್ತಿದೆ. ಒಬ್ಬ ರೈತ ಪರಿಹಾರದ ದುಡ್ಡು ಬಂದಿಲ್ಲ ಅಂತ ಅಡ್ಡ ನಿಂತ. ಸರಿ, ಅವನ 150 ಮೀಟರ್ ಬಿಟ್ಟು ಆಚೆಯಿಂದ ವೆಲ್ಡಿಂಗ್ ಶುರು ಮಾಡಿದಿರಿ. ಮುಂದೆ ರಸ್ತೆ ದಾಟಲು ಪರ್ಮಿಷನ್ ಬಂದಿಲ್ಲ, ಅಲ್ಲಿ 40 ಮೀಟರ್ ಬಿಟ್ಟಿರಿ. ಕಾಲುವೆ ಹತ್ತಿರ ಇನ್ನೊಂದು. ಹೀಗೆ ಬಿಡುತ್ತಾ ಹೋದರೆ ದಿನದ ರಿಪೋರ್ಟ್‌ನಲ್ಲಿ ಕಿಲೋಮೀಟರ್ ಚೆನ್ನಾಗಿ ಕಾಣುತ್ತದೆ, ಮೇಲಿನವರೂ ಖುಷಿಯಾಗಿರುತ್ತಾರೆ. ನನ್ನ ಎರಡನೇ ಕೆಲಸ 22 ಕಿಲೋಮೀಟರ್ ಇತ್ತು. 19 ಕಿಲೋಮೀಟರ್ ಮೂರು ತಿಂಗಳಲ್ಲಿ ಮುಗಿಸಿದೆ. ಉಳಿದ 3 ಕಿಲೋಮೀಟರ್ 31 ತುಂಡಾಗಿ ಹಿಂದೆ ಬಿದ್ದಿತ್ತು. ಅದನ್ನು ಮುಗಿಸಲು ಐದು ತಿಂಗಳು ಹಿಡಿಯಿತು, ಮೊದಲ 19ರಲ್ಲಿ ದುಡಿದದ್ದೆಲ್ಲ ಅಲ್ಲೇ ಹೋಯಿತು.

ಯಾಕೆ ಅಂದರೆ, ಮುಖ್ಯ ಲೈನಿನಲ್ಲಿ ಪೈಪ್ ನೆಲದ ಮೇಲೆ ಮರದ ತುಂಡಿನ ಮೇಲೆ ಕೂತಿರುತ್ತದೆ, ಒಂದು ತುದಿ ಬಿಡುವಾಗಿರುತ್ತದೆ, ಹೇಗೆ ಬೇಕೋ ಹಾಗೆ ಹೊಂದಿಸಬಹುದು. ಗ್ಯಾಪ್‌ನಲ್ಲಿ ಎರಡೂ ತುದಿ ಮಣ್ಣಲ್ಲಿ ಹೂತಿವೆ. ನಡುವಿನ ತುಂಡನ್ನು ಅಳತೆ ಮಾಡಿ ಕತ್ತರಿಸಬೇಕು, ಗುಂಡಿಯಲ್ಲಿ ಇಳಿದು ಬೆಸೆಯಬೇಕು, ಕೊನೆಯ ಜಾಯಿಂಟಿಗೆ ಎರಡು ಪೈಪ್ ಹೊಂದಿಸಿ ಹಿಡಿಯುವ ಒಳಗಿನ ಕ್ಲ್ಯಾಂಪ್ ಬಳಸಲಾಗದು, ಹೊರಗಿನ ಕ್ಲ್ಯಾಂಪೇ ಗತಿ. ಹೀಗೆ ಹೂತ ತುದಿಗೆ ಬೆಸೆಯುವ ಜಾಯಿಂಟೇ ಟೈ-ಇನ್, ಒಂದು ಗ್ಯಾಪ್‌ಗೆ ಎರಡು. 31 ಗ್ಯಾಪ್ ಅಂದರೆ 62. ಮುಖ್ಯ ಲೈನಿನ ಗ್ಯಾಂಗ್ ದಿನಕ್ಕೆ ಹತ್ತಾರು ಜಾಯಿಂಟ್ ಹೊಡೆಯುತ್ತದೆ, ಟೈ-ಇನ್ ಗ್ಯಾಂಗ್ ಒಂದೋ ಎರಡೋ. ಸೈಡ್‌ಬೂಮ್ ಟ್ರೈಲರ್ ಮೇಲೆ ವಾಪಸ್ ಬರಬೇಕು. ಅಷ್ಟರಲ್ಲಿ ರೈತ ಮತ್ತೆ ಬಿತ್ತಿರುತ್ತಾನೆ, ಇನ್ನೊಂದು ಸಲ ಬೆಳೆ ಪರಿಹಾರ. ಮೇಲಾಗಿ ಗ್ಯಾಪ್ ಮುಚ್ಚದೆ ಟೆಸ್ಟಿಂಗ್ ಇಲ್ಲ, ಟೆಸ್ಟಿಂಗ್ ಇಲ್ಲದೆ ದೊಡ್ಡ ಬಿಲ್ ಇಲ್ಲ.

ಈಗ ನನ್ನ ನಿಯಮ ಒಂದೇ. ಹಿಂದೆ ಐದು ಗ್ಯಾಪ್ ಆದ ದಿನ ಮುಖ್ಯ ವೆಲ್ಡಿಂಗ್ ನಿಲ್ಲಿಸುತ್ತೇನೆ, ಯಾರು ಎಷ್ಟೇ ಫೋನ್ ಮಾಡಲಿ. ಮುಂದೆ ಬರೆದದ್ದೆಲ್ಲ ಆ ಐದು ಆರಾಗದಂತೆ ನೋಡಿಕೊಳ್ಳುವ ದಾರಿ.

ಸಹಿ ಹಾಕುವ ಮೊದಲು ನಡೆಯಿರಿ

ಇಡೀ ಲೈನನ್ನು ಕಾಲ್ನಡಿಗೆಯಲ್ಲಿ ನೋಡಿ. ಕಾರಲ್ಲಿ ಹೋಗಿ ರಸ್ತೆ ದಾಟುವ ಜಾಗದಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗಲ್ಲ. 20 ಕಿಲೋಮೀಟರ್‌ಗೆ ಮೂರು ದಿನ ಬೇಕು, ನಾಲ್ಕು ತಗೊಳ್ಳಿ. ಜೊತೆಗೆ ಲೈನಿನ ದಾರಿ ತೋರಿಸುವ ಅಲೈನ್‌ಮೆಂಟ್ ಶೀಟ್, ಜಿಪಿಎಸ್, ಒಂದು ನೋಟ್‌ಬುಕ್, ಮತ್ತು ಆ ಊರಿನ ಭಾಷೆ ಬಲ್ಲ ಒಬ್ಬ ಮನುಷ್ಯ. ಪುಣೆ ಕಡೆ ಮರಾಠಿ, ಗೋವಾದಲ್ಲಿ ಕೊಂಕಣಿ. ಇವನ ಸಂಬಳದಲ್ಲಿ ಜಿಪುಣತನ ಮಾಡಬೇಡಿ.

ಏನು ನೋಡಬೇಕು? ಮೊದಲು ನೆಲ. ಪುಣೆ ಜಿಲ್ಲೆಯಲ್ಲಿ ಮೇಲೆ ಅರ್ಧ ಮೀಟರ್ ಕಪ್ಪು ಮಣ್ಣು, ಅದರ ಕೆಳಗೆ ಮುರುಮ್ (ಕಲ್ಲು ಪುಡಿಯಾದ ಗಟ್ಟಿ ಮಣ್ಣು), ಅದರ ಕೆಳಗೆ ಕರಿಕಲ್ಲು. ಮೇಲಿಂದ ನೋಡಿದರೆ ಬಂಗಾರದಂಥ ಹೊಲ, ಬಕೆಟ್ ಇಳಿಸಿದರೆ ಟಣ್ ಅನ್ನುತ್ತದೆ. ಗಟ್ಟಿ ಕಲ್ಲಿಗೆ ಬೇರೆ ರೇಟ್ ಇದೆಯಾ, ಅಥವಾ "ಎಲ್ಲಾ ತರಹದ ಮಣ್ಣಿಗೂ ಸೇರಿ" ಅಂತ ಬರೆದಿದ್ದಾರಾ ನೋಡಿ. ಎರಡನೆಯದಾದರೆ ಕಿಲೋಮೀಟರ್‌ಗೆ ಎರಡಾದರೂ ಗುಂಡಿ ತೋಡಿ ನೋಡದೆ ರೇಟ್ ಕೊಡಬೇಡಿ. ಗೋವಾ ಮತ್ತು ಕೊಂಕಣದಲ್ಲಿ ಜಂಬಿಟ್ಟಿಗೆ ನೆಲ. ಅದು ಬ್ರೇಕರ್‌ಗೆ ಬಗ್ಗುತ್ತದೆ, ಆದರೆ ಮಳೆ ಬಿದ್ದರೆ ಅದರ ಕೆಂಪು ಕೆಸರಲ್ಲಿ ಟ್ರೈಲರ್ ಒಂದಡಿ ಮುಂದೆ ಹೋಗಲ್ಲ.

ಎರಡನೆಯದು, ನೆಲದೊಳಗೆ ಈಗಾಗಲೇ ಇರುವುದು. ಕಬ್ಬು, ದ್ರಾಕ್ಷಿ ಬೆಳೆಯುವ ಕಡೆ ಪ್ರತಿ ರೈತನದೂ ಬಾವಿಯಿಂದ ತೋಟಕ್ಕೆ ಪಿವಿಸಿ ಪೈಪ್ ಇರುತ್ತದೆ, ಯಾವ ನಕ್ಷೆಯಲ್ಲೂ ಇರಲ್ಲ. ನಿಮ್ಮ ಪೋಕ್ಲೇನ್ ಅದನ್ನು ಹರಿದರೆ, ತಪ್ಪು ಯಾರದೇ ಇರಲಿ, ಆ ದಿನದ ಕೆಲಸ ಮುಗಿಯಿತು. ಅಂಥ ಪ್ರತಿ ಪೈಪನ್ನು ರೈತನ ಹತ್ತಿರವೇ ಕೇಳಿ, ಅವನ ಮುಂದೆಯೇ ಸುಣ್ಣದ ಗೆರೆ ಹಾಕಿಸಿ. ನಮ್ಮ ಗಾಡಿಯಲ್ಲಿ ಸದಾ ಎಲ್ಲಾ ಸೈಜಿನ ಪಿವಿಸಿ ತುಂಡು, ಕಪ್ಲಿಂಗ್, ಸೊಲ್ಯೂಷನ್ ಡಬ್ಬಿ ಇರುತ್ತದೆ. ಹರಿದರೆ ಅರ್ಧ ಗಂಟೆಯಲ್ಲಿ ಜೋಡಿಸಿ ನೀರು ಬಿಡುತ್ತೇವೆ. ಇದು ಇನ್ನೂರು-ಮುನ್ನೂರು ರೂಪಾಯಿ ಖರ್ಚು, ಉಳಿಸುವುದು ಒಂದು ಗ್ಯಾಪ್.

ಮುಂಬೈ, ರಾಯಗಡ ಕಡೆಯ ಖಾಡಿಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಂಡರೆ ಅಲ್ಲೇ ನಿಂತು ಯೋಚಿಸಿ. ಅದನ್ನು ಕಡಿಯಲು ಬಾಂಬೆ ಹೈಕೋರ್ಟ್ ತನಕ ಹೋಗಿ ಅನುಮತಿ ತರಬೇಕು. ನೆಲದಡಿ ಹಾದುಹೋಗುವ ಎಚ್‌ಡಿಡಿ ಡ್ರಿಲ್ಲಿಂಗ್ ಮಾಡುವುದು ಯಾರ ಜವಾಬ್ದಾರಿ, ದುಡ್ಡು ಯಾರದು ಅಂತ ಕಾಗದದಲ್ಲಿ ಇರಲಿ.

ಕಾಂಟ್ರ್ಯಾಕ್ಟ್ ಓದುವಾಗ ನಾನು ಮೊದಲು ಹುಡುಕುವುದು ಒಂದೇ ಸಾಲು: ಜಾಗ ನಿಮಗೆ ಹೇಗೆ ಕೊಡುತ್ತಾರೆ? "ಇದ್ದ ಹಾಗೆ" ಅಂತಿದ್ದರೆ ಸಹಿ ಹಾಕಬೇಡಿ. ಒಮ್ಮೆಗೆ ಕನಿಷ್ಠ 5 ಕಿಲೋಮೀಟರ್ ಎಡೆಬಿಡದೆ ಕೊಡಬೇಕು, ಕೊಡದಿದ್ದರೆ ಸುಮ್ನೆ ನಿಂತ ಮಶೀನಿಗೆ ದಿನಕ್ಕೆ ಇಷ್ಟು ಅಂತ ಐಡಲ್ ಚಾರ್ಜ್ ಕೊಡಬೇಕು ಅಂತ ಬರೆಸಿ. ಪೂರ್ತಿ ಒಪ್ಪಲ್ಲ, ಅರ್ಧ ಒಪ್ಪುತ್ತಾರೆ. ಅರ್ಧವೂ ಸಾಕು. ಆಮೇಲೆ ತಡವಾಯಿತು ಅಂತ ದಂಡ ಕತ್ತರಿಸಲು ಬಂದಾಗ ಆ ಸಾಲು ನಿಮ್ಮ ಕೈಯಲ್ಲಿರುತ್ತದೆ.

ರೈತನ ಜೊತೆ ಮಾತು

ಈ ಲೈನ್‌ಗಳಿಗೆ ಜಮೀನು ಕೊಂಡುಕೊಳ್ಳುವುದಿಲ್ಲ. 1962ರ ಪಿಎಂಪಿ (ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್) ಕಾಯ್ದೆ ಪ್ರಕಾರ ಬಳಕೆಯ ಹಕ್ಕು ಮಾತ್ರ ತಗೊಳ್ಳುತ್ತಾರೆ, ಹೊಲ ರೈತನ ಹೆಸರಲ್ಲೇ ಇರುತ್ತದೆ. ಮೊದಲು 3(1)ನೇ ಕಲಂನ ನೋಟಿಫಿಕೇಷನ್, ತಕರಾರು ಇದ್ದರೆ 21 ದಿನ, ಆಮೇಲೆ 6ನೇ ಕಲಂನ ಘೋಷಣೆ. ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ 10 ಪರ್ಸೆಂಟ್, ಬೆಳೆ ಮತ್ತು ಮರಕ್ಕೆ ಬೇರೆ ಪರಿಹಾರ. ಪೈಪ್ ಹೂತ ಪಟ್ಟಿಯಲ್ಲಿ ಮುಂದೆ ಬಿತ್ತಬಹುದು, ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ದುಡ್ಡು ಕೊಡುವುದು ಮಾಲೀಕ ಕಂಪನಿ ಮತ್ತು ಸಕ್ಷಮ ಅಧಿಕಾರಿ, ನೀವಲ್ಲ. ಆದರೆ ರೈತನ ಕಣ್ಣಿಗೆ ಬೀಳುವವರು ನೀವು.

ಅದಕ್ಕೇ ಇದನ್ನೆಲ್ಲ ನೀವು ಅವನಿಗೆ ಬಿಡಿಸಿ ಹೇಳಬೇಕು. ಬಹಳ ಸಲ ಜಗಳ ದುಡ್ಡಿನದ್ದಲ್ಲ, ಸಾತ್-ಬಾರಾ ಉತಾರದಲ್ಲಿರುವ ಹೆಸರಿನದ್ದು. ನಮ್ಮ ಪಹಣಿ ಇದ್ದ ಹಾಗೆ ಅದು. ಅಣ್ಣ-ತಮ್ಮಂದಿರು, ಮದುವೆಯಾಗಿ ಹೋದ ಅಕ್ಕ-ತಂಗಿಯರು, ತೀರಿಹೋದ ಅಪ್ಪ, ಎಲ್ಲರ ಹೆಸರೂ ಇರುತ್ತದೆ. ಚೆಕ್ ಒಬ್ಬನ ಹೆಸರಿಗೆ ಬಂದರೆ ಉಳಿದವರು ಮಶೀನ್ ಮುಂದೆ ಕೂರುತ್ತಾರೆ. ವೆಲ್ಡಿಂಗ್ ಗ್ಯಾಂಗ್ ಆ ಹೊಲಕ್ಕೆ ಬರುವ ಒಂದು ತಿಂಗಳ ಮೊದಲೇ ನನ್ನ ಮನುಷ್ಯ ತಲಾಠಿ (ಊರ ಲೆಕ್ಕಿಗ) ಹತ್ತಿರ ಹೋಗಿ ಪ್ರತಿ ಗಟ್ ನಂಬರಿನ, ಅಂದರೆ ಸರ್ವೆ ನಂಬರಿನ, ಹೆಸರು ನೋಡಿ ಬರುತ್ತಾನೆ. ತಕರಾರು ಇರುವ ಹೊಲಗಳ ಪಟ್ಟಿ ಮಾಡಿ ಮಾಲೀಕ ಕಂಪನಿಗೆ ಲಿಖಿತವಾಗಿ ಕೊಡುತ್ತೇವೆ. ಅವರು ಓಡಾಡಲು ಒಂದು ತಿಂಗಳು ಸಿಗುತ್ತದೆ. ಮಶೀನ್ ಬಂದ ದಿನ ಗೊತ್ತಾದರೆ ಯಾರೂ ಏನೂ ಮಾಡಲಾಗಲ್ಲ.

ಇನ್ನೊಂದು, ಮೇಲ್ಮಣ್ಣು. ಇಂದಾಪುರ ಕಡೆ ಒಬ್ಬ ಅಜ್ಜಿ ನಮ್ಮ ಪೋಕ್ಲೇನ್ ಮುಂದೆ ಬಂದು ನಿಂತರು. ಬೈಯಲಿಲ್ಲ, ಅಳಲಿಲ್ಲ. ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ಎತ್ತಿ ನನ್ನ ಕೈಯಲ್ಲಿ ಹಾಕಿದರು, ಇನ್ನೊಂದು ಕೈಯಲ್ಲಿ ಕೆಳಗಿನ ಬಿಳಿ ಮುರುಮ್ ಹಾಕಿದರು. ಇದನ್ನು ಮೇಲೆ ಹಾಕಿ ಹೋದರೆ ನನ್ನ ಮೊಮ್ಮಕ್ಕಳು ಏನು ಬೆಳೆಯಬೇಕಪ್ಪಾ ಅಂತ ಮರಾಠಿಯಲ್ಲಿ ಕೇಳಿದರು. ಕಾಂಟ್ರ್ಯಾಕ್ಟ್‌ನಲ್ಲೂ ಅದನ್ನೇ ಬರೆದಿರುತ್ತಾರೆ, ಮೇಲ್ಮಣ್ಣು ಬೇರೆ ರಾಶಿ, ಕೆಳಗಿನ ಮಣ್ಣು ಬೇರೆ ರಾಶಿ ಅಂತ. ಅವಸರದಲ್ಲಿ ಆಪರೇಟರ್‌ಗಳು ಎರಡನ್ನೂ ಕಲಸಿಬಿಡುತ್ತಾರೆ. ಅವತ್ತಿನಿಂದ ನಮ್ಮಲ್ಲಿ ಮೇಲ್ಮಣ್ಣು ಪಟ್ಟಿಯ ಒಂದು ಅಂಚಿಗೆ, ಕಲ್ಲು-ಮುರುಮ್ ಇನ್ನೊಂದು ಅಂಚಿಗೆ. ಇದನ್ನು ಒಂದು ಊರಲ್ಲಿ ಸರಿಯಾಗಿ ಮಾಡಿ ತೋರಿಸಿ, ಮುಂದಿನ ಊರಿಗೆ ಸುದ್ದಿ ನಿಮಗಿಂತ ಮೊದಲು ಹೋಗಿರುತ್ತದೆ.

ಸಾಲು ಹೇಗೆ ನಡೆಯಬೇಕು

ಪೈಪ್‌ಲೈನ್ ಕೆಲಸದಲ್ಲಿ ಗ್ಯಾಂಗ್‌ಗಳು ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಜಾಗ ಸಮ ಮಾಡುವವರು, ಪೈಪ್ ಸಾಲಾಗಿ ಇಡುವವರು, ಬೆಂಡಿಂಗ್, ಫಿಟ್-ಅಪ್, ವೆಲ್ಡಿಂಗ್, ಎಕ್ಸ್-ರೇ, ಜಾಯಿಂಟ್ ಕೋಟಿಂಗ್, ಅಗೆತ, ಇಳಿಸುವುದು, ಮುಚ್ಚುವುದು. ಒಂದು ಪೈಪ್ ಸುಮಾರು 12 ಮೀಟರ್, ಅಂದರೆ ಕಿಲೋಮೀಟರ್‌ಗೆ 83-84 ಜಾಯಿಂಟ್. ಎಲ್ಲಾ ಗ್ಯಾಂಗ್ ಒಂದೇ ವೇಗದಲ್ಲಿ ಹೋಗಬೇಕು. ವೆಲ್ಡಿಂಗ್ ಓಡಿಹೋಗಿ ಅಗೆತ ಹಿಂದೆ ಬಿದ್ದರೆ ಬೆಸೆದ ಪೈಪ್ ತಿಂಗಳುಗಟ್ಟಲೆ ಹೊಲದಲ್ಲಿ ಅಡ್ಡ ಮಲಗಿರುತ್ತದೆ, ರೈತ ಆಚೆ ಎತ್ತು ದಾಟಿಸಲಾಗದೆ ಶಾಪ ಹಾಕುತ್ತಾನೆ. ಹಾಗೆ ಉದ್ದ ಮಲಗಿಸುವಾಗ ಗಾಡಿ-ದನ ದಾಟಲು ನಡುನಡುವೆ ದಾರಿ ಬಿಡಿ.

ರಸ್ತೆ, ಕಾಲುವೆ, ಹಳ್ಳ ದಾಟುವ ಕೆಲಸಕ್ಕೆ ಮೊದಲ ದಿನದಿಂದಲೇ ಬೇರೆ ಗ್ಯಾಂಗ್ ಹಾಕಿ, ಅದು ಮುಖ್ಯ ವೆಲ್ಡಿಂಗ್‌ಗಿಂತ ಮುಂದೆ ಇರಲಿ. ಇಲ್ಲೇ ಎಲ್ಲರೂ ತಪ್ಪು ಮಾಡುವುದು. ಕ್ರಾಸಿಂಗ್ ಆಮೇಲೆ ಮಾಡೋಣ ಅಂತಾರೆ, ಆ ಆಮೇಲೆ ಬರುವಷ್ಟರಲ್ಲಿ ಮಳೆಗಾಲ. ಬಿಡಲೇಬೇಕಾದ ಗ್ಯಾಪ್ ಇದ್ದರೆ ಎರಡೂ ಕಡೆಯ ಪೈಪ್ ಒಂದರ ಪಕ್ಕ ಒಂದು ಬರುವಷ್ಟು ಉದ್ದ ಬಿಡಿ. ಆಮೇಲೆ ಕತ್ತರಿಸಿ ಹೊಂದಿಸಿದರೆ ಒಂದೇ ಜಾಯಿಂಟಿನಲ್ಲಿ ಮುಗಿಯಬಹುದು. ಸಂಜೆ ಕೆಲಸ ಬಿಡುವಾಗ ಪೈಪಿನ ಎರಡೂ ಬಾಯಿಗೆ ಮುಚ್ಚಳ ಹಾಕಿಸಿ. ನಾಯಿ, ಹಾವು, ಮಕ್ಕಳು ಬಿಟ್ಟ ಕಲ್ಲು, ಎಲ್ಲಾ ಒಳಗೆ ಹೋಗುತ್ತದೆ.

ವೆಲ್ಡಿಂಗ್ ಬಗ್ಗೆ ನಮ್ಮ ಹುಡುಗರಿಗೆ ಜಾಸ್ತಿ ಹೇಳಬೇಕಿಲ್ಲ, ಆದರೆ ನೀರಿನ ಲೈನಿನಿಂದ ಬಂದವರಿಗೆ ಮೂರು ಮಾತು. ಇಲ್ಲಿ ಪೈಪ್‌ಲೈನ್ ವೆಲ್ಡಿಂಗ್‌ನ ಎಪಿಐ 1104 ಸ್ಟ್ಯಾಂಡರ್ಡ್ ಪ್ರಕಾರ ಪಾಸಾದ ವೆಲ್ಡರ್ ಮಾತ್ರ ರಾಡ್ ಹಿಡಿಯಬೇಕು, ಮತ್ತು ವೆಲ್ಡಿಂಗ್ ವಿಧಾನದ ಕಾಗದವಾದ ಡಬ್ಲ್ಯೂಪಿಎಸ್‌ನಲ್ಲಿ ಬರೆದ ರಾಡ್, ಕರೆಂಟ್, ಪ್ರೀಹೀಟ್ ಬಿಟ್ಟು ಕೈಚಳಕ ತೋರಿಸಬಾರದು. ರೂಟ್ (ಮೊದಲ ಪದರ) ಮುಗಿದ ಕೂಡಲೇ ಹಾಟ್ ಪಾಸ್ (ಎರಡನೇ ಪದರ) ಹಾಕಬೇಕು, ಚಹಾ ಕುಡಿದು ಬಂದು ಹಾಕಿದರೆ ತಣ್ಣಗಾದ ರೂಟ್ ಬಿರುಕು ಬಿಡುತ್ತದೆ. ಮೂರನೆಯದು ರಾಡ್. ಲೋ ಹೈಡ್ರೋಜನ್ ರಾಡನ್ನು ಓವನ್‌ನಲ್ಲಿ ಒಣಗಿಸಿ ಬಿಸಿಯಾಗಿಯೇ ಇಟ್ಟುಕೊಳ್ಳಬೇಕು, ಆದರೆ ರೂಟ್‌ಗೆ ಬಳಸುವ 6010 ಸೆಲ್ಯುಲೋಸ್ ರಾಡನ್ನು ಓವನ್‌ಗೆ ಹಾಕಲೇಬಾರದು, ಅದಕ್ಕೆ ಸ್ವಲ್ಪ ತೇವ ಇದ್ದರೇ ಚೆನ್ನಾಗಿ ಉರಿಯುವುದು. ಎರಡನ್ನೂ ಒಂದೇ ಓವನ್‌ಗೆ ತುಂಬಿದ ಸ್ಟೋರ್ ಹುಡುಗನಿಂದ ನಾನು ಒಂದು ದಿನದ ಜಾಯಿಂಟ್‌ಗಳನ್ನೆಲ್ಲ ರಿಪೇರಿ ಮಾಡಿಸಿದ್ದೇನೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಪ್ಪು ನನ್ನದು.

ಜಾಯಿಂಟಿನ ಒಳಗೆ ದೋಷ ಇದೆಯಾ ನೋಡಲು ಎಕ್ಸ್-ರೇ ಗ್ಯಾಂಗ್ ವಿಕಿರಣ ಸೂಸುವ ಇರಿಡಿಯಂ ಸೋರ್ಸ್ ತರುತ್ತದೆ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಇರುವವರನ್ನೇ ಕರೆಸಿ, ಹಗ್ಗ ಕಟ್ಟಿ, ಕೆಂಪು ದೀಪ ಹಾಕಿ, ರಾತ್ರಿ ಕಾವಲುಗಾರ ಆ ಗೆರೆ ದಾಟದ ಹಾಗೆ ನೋಡಿಕೊಳ್ಳಿ. ಇದರಲ್ಲಿ ರಾಜಿ ಬೇಡ.

ಕೋಟಿಂಗ್: ಉಗುರಿನಷ್ಟು ಗೀರು

ಪೈಪ್ ಫ್ಯಾಕ್ಟರಿಯಿಂದಲೇ ಮೂರು ಪದರದ ಪಾಲಿಥೀನ್ ಕೋಟಿಂಗ್ ಹಾಕಿಸಿಕೊಂಡು ಬರುತ್ತದೆ. ನಾವು ಬೆಸೆದ ಜಾಯಿಂಟಿಗೆ ಬ್ಲಾಸ್ಟಿಂಗ್ ಮಾಡಿ, ಅಂದರೆ ಮೈ ಉಜ್ಜಿ ತೆಗೆದು, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಸುತ್ತುತ್ತೇವೆ. ಇಳಿಸುವ ಮೊದಲು ಸ್ಪ್ರಿಂಗ್ ಇರುವ ಹಾಲಿಡೇ ಡಿಟೆಕ್ಟರನ್ನು ಪೈಪಿನ ಸುತ್ತ ಹಾಕಿ ಉದ್ದಕ್ಕೂ ಎಳೆಯಬೇಕು. ಕೋಟಿಂಗ್‌ನಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ಕಿಡಿ ಹಾರಿ ಬೀಪ್ ಅನ್ನುತ್ತದೆ.

ಪನ್ವೇಲ್ ಹತ್ತಿರ ಒಮ್ಮೆ ಸಂಜೆ ಆರಾಗಿತ್ತು, ಸೈಡ್‌ಬೂಮ್‌ಗಳು ಪೈಪ್ ಎತ್ತಿ ನಿಂತಿದ್ದವು. ಬೀಪ್ ಬಂತು. ಪೈಪಿನ ಅಡಿ ಭಾಗ. ಟಾರ್ಚ್ ಹಾಕಿ ನೋಡಿದರೆ ಬಕೆಟ್ ಹಲ್ಲು ತಾಗಿದ ಗುರುತು, ಹೆಬ್ಬೆರಳಿನ ಉಗುರಿನಷ್ಟು, ನಡುವೆ ಕಬ್ಬಿಣ ಹೊಳೆಯುತ್ತಿತ್ತು. ಎಲ್ಲರೂ ನನ್ನ ಮುಖ ನೋಡಿದರು. ರಿಪೇರಿ ಅಂದರೆ ಪೈಪ್ ಮತ್ತೆ ಕೆಳಗಿಡಬೇಕು, ಉಜ್ಜಬೇಕು, ಪ್ಯಾಚ್ ಹಾಕಬೇಕು, ಮತ್ತೆ ಟೆಸ್ಟ್, ರಾತ್ರಿ ಒಂಬತ್ತು. ಮಾಡಿಸಿದೆ. ತುಕ್ಕು ಇಡೀ ಪೈಪನ್ನು ತಿನ್ನಲು ಹೋಗುವುದಿಲ್ಲ, ಬಾಗಿಲು ಸಿಕ್ಕ ಆ ಒಂದು ಚುಕ್ಕಿಯನ್ನೇ ಕೊರೆಯುತ್ತದೆ. ಮುಂದೆ ಸಣ್ಣ ಕರೆಂಟ್ ಹರಿಸಿ ತುಕ್ಕು ತಡೆಯುವ ಕ್ಯಾಥೋಡಿಕ್ ಪ್ರೊಟೆಕ್ಷನ್ ಬರುತ್ತದೆ, ಪೈಪನ್ನು ಮೈನಸ್ 0.85 ವೋಲ್ಟ್‌ಗಿಂತ ಕೆಳಗೆ ಇಟ್ಟು ಕಾಯುತ್ತದೆ ನಿಜ, ಆದರೆ ಅದು ಬರುವ ತನಕ ಮತ್ತು ಬಂದ ಮೇಲೂ ಮೊದಲ ಕಾವಲು ಕೋಟಿಂಗೇ. ಕಲ್ಲು ನೆಲದಲ್ಲಿ ಪೈಪಿನ ಕೆಳಗೆ, ಮೇಲೆ ಜರಡಿ ಹಿಡಿದ ಮೆತ್ತನೆ ಮಣ್ಣು ಹಾಕಿಸಿ. ಕಲ್ಲಿನ ಮೇಲೆ ನೇರ ಇಟ್ಟರೆ ಕಣ್ಣಿಗೆ ಕಾಣದ ಕಡೆ ಕೋಟಿಂಗ್ ಹೋಗಿರುತ್ತದೆ.

ಪಿಎಂಪಿ ಕಾಯ್ದೆಯಲ್ಲೇ ಇದೆ, ನೆಲದಿಂದ ಒಂದು ಮೀಟರ್‌ಗಿಂತ ಕಡಿಮೆ ಆಳದಲ್ಲಿ ಪೈಪ್ ಇರಬಾರದು. ರಸ್ತೆ, ರೈಲು, ಹಳ್ಳಕ್ಕೆ ಇನ್ನೂ ಜಾಸ್ತಿ. ಒಂದೂವರೆ ಮೀಟರ್‌ಗಿಂತ ಆಳದ ಗುಂಡಿಗೆ ಗೋಡೆ ಇಳಿಜಾರು ಮಾಡದೆ ಅಥವಾ ಆಧಾರ ಕೊಡದೆ ಮನುಷ್ಯನನ್ನು ಇಳಿಸಬೇಡಿ. ಟೈ-ಇನ್ ಗುಂಡಿಯಲ್ಲಿ ವೆಲ್ಡರ್ ಹೆಲ್ಮೆಟ್ ಮುಚ್ಚಿಕೊಂಡು ಕೂತಿರುತ್ತಾನೆ, ಮಣ್ಣು ಜಾರುವುದು ಅವನಿಗೆ ಕಾಣಲ್ಲ. ಮೇಲೆ ಒಬ್ಬ ಬರೀ ಗೋಡೆ ನೋಡುತ್ತಾ ನಿಂತಿರಬೇಕು, ಅವನಿಗೆ ಬೇರೆ ಕೆಲಸ ಹೇಳಬೇಡಿ.

ಮಳೆ ಮತ್ತು ತೇಲುವ ಪೈಪ್

ಕೊಂಕಣದಲ್ಲಿ ಜೂನ್ ಮೊದಲ ವಾರವೇ ಕಡೆಯ ಗಡುವು. ಅಷ್ಟರಲ್ಲಿ ಇಳಿಸಿದ್ದನ್ನೆಲ್ಲ ಮುಚ್ಚಿರಬೇಕು. ಮಳೆ ಬರಲಿ ನೋಡೋಣ ಅಂತ ನಾನೂ ಒಮ್ಮೆ ಕಾದೆ. ಪೇಣ್ ಹತ್ತಿರ ಭತ್ತದ ಗದ್ದೆಯಲ್ಲಿ 600 ಮೀಟರ್ 24 ಇಂಚಿನ ಪೈಪ್ ಇಳಿಸಿದ್ದೆವು, ಮುಚ್ಚಿರಲಿಲ್ಲ. ರಾತ್ರಿ ಸುರಿಯಿತು. ನಸುಕಿನಲ್ಲಿ ನಮ್ಮ ಹಿರಿಯ ಫಿಟರ್ ಮಾಮಾ ಕ್ಯಾಂಪಿಗೆ ಓಡಿ ಬಂದು ಬಾಗಿಲು ಬಡಿದರು. "ಸಾವ್ಕಾರ್ರ, ಏಳ್ರಿ, ಪೈಪ್ ಎದ್ದೈತ್ರಿ!" ಹೋಗಿ ನೋಡಿದರೆ ಪೈಪಿಗೆ ಅಗೆದ ಗುಂಡಿ ತುಂಬಾ ಕೆಸರು ನೀರು, ಅದರ ಮೇಲೆ ನಮ್ಮ ಕಪ್ಪು ಪೈಪ್ ಹಾವಿನ ಹಾಗೆ ಬಳುಕಿಕೊಂಡು ತೇಲುತ್ತಿತ್ತು.

ಕಬ್ಬಿಣ ತೇಲುತ್ತದಾ ಅಂತ ಕೇಳಬೇಡಿ, ಲೆಕ್ಕ ಮಾಡಿ. 24 ಇಂಚಿನ, 9.5 ಮಿಲಿಮೀಟರ್ ದಪ್ಪದ ಪೈಪ್ ಒಂದು ಮೀಟರ್‌ಗೆ ಸುಮಾರು 141 ಕೆಜಿ. ಅದು ಪಕ್ಕಕ್ಕೆ ತಳ್ಳುವ ನೀರು ಮೀಟರ್‌ಗೆ 290 ಕೆಜಿಗಿಂತ ಜಾಸ್ತಿ. ಎರಡು ತುದಿ ಮುಚ್ಚಿದ ಖಾಲಿ ಪೈಪ್ ದೋಣಿಯೇ. ಅದನ್ನು ಮತ್ತೆ ಕೂರಿಸಲು ನೀರು ಹೊರಗೆ ಪಂಪ್ ಮಾಡಬೇಕು, ಕುಸಿದ ಕೆಸರು ತೆಗೆಯಬೇಕು, ಪೈಪ್ ಎತ್ತಿ ಕೋಟಿಂಗ್ ಪೂರ್ತಿ ಮತ್ತೆ ನೋಡಬೇಕು. ನಮಗೆ ಹದಿನೆಂಟು ದಿನ ಹೋಯಿತು. ಹಾಗಾಗಿ ಇಳಿಸಿದ ದಿನವೇ ಮುಚ್ಚಿ. ಪೂರ್ತಿ ಆಗದಿದ್ದರೆ ಹತ್ತಿಪ್ಪತ್ತು ಮೀಟರ್‌ಗೊಂದರಂತೆ ಮಣ್ಣಿನ ಗುಡ್ಡೆ ಹಾಕಿ ಪೈಪನ್ನು ಒತ್ತಿಹಿಡಿಯಿರಿ. ನದಿ, ಗದ್ದೆ, ಗೋವಾದ ಖಾಡಿ ಪಕ್ಕದ ತಗ್ಗಿನ ಖಜಾನ ಜಮೀನಿನಂಥ ಕಡೆ ಕಾಂಕ್ರೀಟ್ ಕೋಟಿಂಗ್ ಅಥವಾ ತೂಕ ಡ್ರಾಯಿಂಗ್‌ನಲ್ಲಿ ಇದೆಯಾ ಮೊದಲೇ ನೋಡಿ. ಇಲ್ಲದಿದ್ದರೆ ಪತ್ರ ಬರೆದು ಕೇಳಿ.

ಹೈಡ್ರೋಟೆಸ್ಟ್

ಪೈಪಿಗೆ ನೀರು ತುಂಬಿ, ಒತ್ತಡ ಏರಿಸಿ, ಸೋರುತ್ತದಾ ಅಂತ ನೋಡುವುದೇ ಹೈಡ್ರೋಟೆಸ್ಟ್. ಇದಕ್ಕೆ ತಯಾರಿ ಆರು ತಿಂಗಳ ಮೊದಲೇ ಶುರು, ಯಾಕೆಂದರೆ ನೀರು. 24 ಇಂಚಿನ ಲೈನ್ ಒಂದು ಕಿಲೋಮೀಟರ್‌ಗೆ ಸುಮಾರು 2 ಲಕ್ಷ 74 ಸಾವಿರ ಲೀಟರ್ ಹಿಡಿಯುತ್ತದೆ. 20 ಕಿಲೋಮೀಟರ್‌ಗೆ ಹತ್ತಿರ ಹತ್ತಿರ 55 ಲಕ್ಷ ಲೀಟರ್. ಹತ್ತು ಸಾವಿರದ ಟ್ಯಾಂಕರ್ ಆದರೆ 550 ಟ್ರಿಪ್. ಏಪ್ರಿಲ್‌ನಲ್ಲಿ ಪುಣೆ-ಸೊಲ್ಲಾಪುರ ಕಡೆ ಊರಿಗೇ ಟ್ಯಾಂಕರ್ ಬರುವಾಗ ಇದನ್ನು ಯಾರು ಕೊಡುತ್ತಾರೆ? ಕೊಡಬಾರದು ಕೂಡ. ನೀರಾವರಿ ಇಲಾಖೆಗೆ ಮೊದಲೇ ಅರ್ಜಿ ಹಾಕಿ, ಮಳೆ ಮುಗಿದ ಮೇಲೆ ಹಳ್ಳ-ನದಿ ತುಂಬಿರುವಾಗ ಟೆಸ್ಟ್ ಬರುವ ಹಾಗೆ ಪ್ಲಾನ್ ಮಾಡಿ. ಒಂದು ಭಾಗದ ನೀರನ್ನು ಮುಂದಿನ ಭಾಗಕ್ಕೆ ತಳ್ಳಿ ಮತ್ತೆ ಬಳಸಬಹುದು.

ಘಟ್ಟ ಇದ್ದರೆ ಇನ್ನೊಂದು ಲೆಕ್ಕ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಸಹ್ಯಾದ್ರಿಯಲ್ಲಿ 500 ಮೀಟರ್ ಇಳಿಯುವ ಲೈನಿನಲ್ಲಿ ಮೇಲಿಗಿಂತ ಕೆಳಗೆ 49 ಬಾರ್ ಜಾಸ್ತಿ ಇರುತ್ತದೆ. ಮೇಲ್ಗಡೆ ಸರಿಯಾದ ಒತ್ತಡ ತರಲು ಹೋಗಿ ಕೆಳಗಿನ ಪೈಪಿಗೆ ಮಿತಿ ಮೀರಬಾರದು. ಅದಕ್ಕೆ ಘಟ್ಟದ ಲೈನನ್ನು ಎತ್ತರ ನೋಡಿ ತುಂಡು ಮಾಡಿ ಟೆಸ್ಟ್ ಮಾಡುತ್ತಾರೆ. ನೀರು ತುಂಬುವ ಮೊದಲು ಪೈಪಿನೊಳಗೆ ಗೇಜಿಂಗ್ ಪಿಗ್ ಎಂಬ ಅಳತೆಯ ಸಾಧನ ಓಡಿಸುತ್ತಾರೆ, ಅದರ ಅಲ್ಯೂಮಿನಿಯಂ ತಟ್ಟೆ ಒಳ ವ್ಯಾಸದ 95 ಪರ್ಸೆಂಟ್ ಇರುತ್ತದೆ. ತಟ್ಟೆ ಬಗ್ಗಿ ಬಂದರೆ ಎಲ್ಲೋ ಪೈಪ್ ನಜ್ಜಿದೆ ಅಂತ ಅರ್ಥ.

ಒತ್ತಡ ಏರಿಸಿ 24 ಗಂಟೆ ಹಿಡಿಯಬೇಕು. ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಒಮ್ಮೆ ಬೆಳಗಿನ ಮೂರಕ್ಕೆ ಒತ್ತಡದ ಚಾರ್ಟ್‌ನ ಗೆರೆ ಕೆಳಗೆ ಜಾರತೊಡಗಿತು. 1.4 ಬಾರ್ ಇಳಿದಿತ್ತು. ಹುಡುಗರು ಆಗಲೇ ಟಾರ್ಚ್ ಹಿಡಿದು ಲೀಕ್ ಹುಡುಕಲು ಹೊರಟರು. ನಾನು ನೆಲದಲ್ಲಿ ಹೂತ ಥರ್ಮಾಮೀಟರ್ ನೋಡಿದೆ. ಅರ್ಧ ಡಿಗ್ರಿ ಇಳಿದಿತ್ತು. ಹೂತ ಪೈಪಿನ ನೀರು ಒಂದು ಡಿಗ್ರಿ ತಣ್ಣಗಾದರೆ ಒತ್ತಡ ಎರಡು-ಮೂರು ಬಾರ್ ಬೀಳುತ್ತದೆ. ಲೆಕ್ಕ ಕೂತಿತು. ಬೆಳಗ್ಗೆ ಹತ್ತರ ಹೊತ್ತಿಗೆ ಗೆರೆ ತಾನಾಗಿ ಮೇಲೆ ಬಂತು. ಹಾಗಂತ ಇಳಿದದ್ದನ್ನೆಲ್ಲ ತಂಪಿನ ಮೇಲೆ ಹಾಕಬೇಡಿ, ಲೆಕ್ಕ ಕೂರದಿದ್ದರೆ ಲೀಕ್ ಇದೆ ಅಂತಲೇ ಹುಡುಕಿ. ಥರ್ಮಾಮೀಟರ್‌ಗಳನ್ನು ಹಿಂದಿನ ದಿನವೇ ಹೂಳಿಸಿ, ನೀರು ತುಂಬಿದ ಮೇಲೆ ನೆಲದ ಶಾಖಕ್ಕೆ ಹೊಂದಲು ಒಂದು ದಿನ ಬಿಡಿ, ಗಂಟೆ-ಗಂಟೆಗೆ ಬರೆದಿಡಿ. ಒತ್ತಡ ಇರುವಾಗ ಪೈಪಿನ ತುದಿಯ ಮುಚ್ಚಳದ ಎದುರು ಯಾರೂ ನಿಲ್ಲಬಾರದು, ಇಂಜಿನಿಯರ್ ಕೂಡ.

ಕಾಗದ

ಪೈಪ್ ಸಾಮಾನ್ಯವಾಗಿ ಮಾಲೀಕ ಕಂಪನಿಯೇ ಕೊಡುತ್ತದೆ. ಕೊನೆಗೆ ಪ್ರತಿ ಮೀಟರ್ ಲೆಕ್ಕ ಕೇಳುತ್ತಾರೆ. ಎಷ್ಟು ತಗೊಂಡಿರಿ, ಎಷ್ಟು ಹೂತಿರಿ, ತುಂಡು ಎಲ್ಲಿ. ಲೆಕ್ಕಕ್ಕೆ ಸಿಗದ ಪೈಪಿನ ದುಡ್ಡು ದಂಡ ಸೇರಿಸಿ ಬಿಲ್‌ನಲ್ಲಿ ಕತ್ತರಿಸುತ್ತಾರೆ. ಆದ್ದರಿಂದ ಪೈಪ್ ಬುಕ್ ದಿನವೂ ಬರೆಸಿ: ಪೈಪ್ ನಂಬರ್, ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚ್‌ನ ನಂಬರ್), ಉದ್ದ, ಜಾಯಿಂಟ್ ನಂಬರ್, ವೆಲ್ಡರ್ ನಂಬರ್. ಪೈಪ್ ಕತ್ತರಿಸಿದರೆ ಉಳಿದ ತುಂಡಿನ ಮೇಲೆ ಅದೇ ಕ್ಷಣ ನಂಬರ್ ಬರೆಯಬೇಕು. ನಂಬರ್ ಇಲ್ಲದ ತುಂಡು ಗುಜರಿಗೆ ಸಮ, ಅದನ್ನು ಲೈನಿನಲ್ಲಿ ಬಳಸಲು ಬಿಡುವುದಿಲ್ಲ. ಬಿಕಾಂ ಓದಿದ ನಮ್ಮೂರ ಒಬ್ಬ ಹುಡುಗಿಯನ್ನು ಈ ಕೆಲಸಕ್ಕೆ ಇಟ್ಟ ಮೇಲೆ ನನ್ನ ಒಂದು ಬಿಲ್ಲೂ ನಿಂತಿಲ್ಲ.

ಕೂಲಿಯವರ ಪಿಎಫ್, ಇಎಸ್‌ಐ, ಲೇಬರ್ ಲೈಸೆನ್ಸ್ ಮೊದಲ ತಿಂಗಳಿಂದಲೇ ಸರಿ ಇರಲಿ. ತಾಂಡಾದಿಂದ ಗಂಡ-ಹೆಂಡತಿ-ಮಕ್ಕಳ ಸಮೇತ ಬರುತ್ತಾರೆ, ಕ್ಯಾಂಪಿನಲ್ಲಿ ನೀರು, ಶೌಚಾಲಯ, ಸೊಳ್ಳೆ ಪರದೆ ಇಲ್ಲದಿದ್ದರೆ ಒಂದು ಜ್ವರಕ್ಕೆ ಅರ್ಧ ಗ್ಯಾಂಗ್ ಊರಿಗೆ ಹೋಗುತ್ತದೆ.

ಕೊನೆಗೆ ಹೊಲ ವಾಪಸ್ ಕೊಡುವುದು. ಮೇಲ್ಮಣ್ಣು ಮೇಲೆ ಬಂದಿರಬೇಕು, ಒಡೆದ ಬದು ಕಟ್ಟಿರಬೇಕು, ಕಲ್ಲು ಆರಿಸಿರಬೇಕು, ಲೈನಿನ ಗುರುತಿನ ಕಲ್ಲುಗಳು ನಿಂತಿರಬೇಕು. ಮುಚ್ಚಿದ ಜಾಗ ಮೊದಲ ಮಳೆಗೆ ಕುಗ್ಗುತ್ತದೆ, ಅದಕ್ಕೆ ಸ್ವಲ್ಪ ಉಬ್ಬಾಗಿ ಮಣ್ಣು ಹಾಕಿ. ಪ್ರತಿ ಹೊಲದ ಮೂರು ಫೋಟೋ ಇಡಿ: ಮಶೀನ್ ಬರುವ ಮೊದಲಿನದು, ಅಗೆದಾಗಿನದು, ವಾಪಸ್ ಕೊಟ್ಟಾಗಿನದು. ಮೂರಲ್ಲೂ ಹಿಂದೆ ಅದೇ ಮರವೋ ಬಾವಿಯೋ ಕಾಣಲಿ. ರೈತನಿಗೆ ತೋರಿಸಿ, ಅವನು ಒಪ್ಪಿದ ಮೇಲೆ ಎನ್‌ಒಸಿ ಪತ್ರಕ್ಕೆ ಸಹಿ ಹಾಕಿಸಿ, ಉತಾರದಲ್ಲಿರುವ ಎಲ್ಲರ ಸಹಿ. ಈ ಪತ್ರಗಳಿಲ್ಲದೆ ರಿಟೆನ್ಷನ್ ದುಡ್ಡು, ಅಂದರೆ ಬಿಲ್‌ನಲ್ಲಿ ಹಿಡಿದಿಟ್ಟ ದುಡ್ಡು, ಬಿಡುವುದಿಲ್ಲ. ಗ್ಯಾಂಗ್ ಇನ್ನೂ ಆ ಊರಲ್ಲಿ ಇರುವಾಗಲೇ ತಗೊಳ್ಳಿ, ಕ್ಯಾಂಪ್ ಎತ್ತಿದ ಮೇಲೆ ಒಂದೊಂದು ಸಹಿಗೂ ಭೋಸರಿಯಿಂದ ಗಾಡಿ ಮಾಡಿಕೊಂಡು ಹೋಗಬೇಕಾಗುತ್ತದೆ. ಒರಿಜಿನಲ್ ಕೊಡುವಾಗ ಝೆರಾಕ್ಸ್ ಮೇಲೆ ತಲುಪಿದೆ ಅಂತ ಸಹಿ, ತಾರೀಕು ಹಾಕಿಸಿಕೊಂಡು ನಿಮ್ಮ ಫೈಲಿನಲ್ಲಿ ಇಡಿ.